ಖಾಲಿ ಗೋಣಿಗಳ ಮೇಲೆ ಗಂಗಾಂಬಿಕಾ

ನಮ್ಮ ಮಗ್ಗುಲ ಮನೆಯ ಗಂಗಾಂಬಿಕಾ ನೆಲದಿಂದ ಏಳಲಾರದೆ ಹೋದದ್ದು ತಮ್ಮನ ಹೆಂಡತಿಯ ಕುಬಸದ ದಿನ, ಅಷ್ಟು ಮಂದಿಯ ಎದುರಿಗೆ.

ಅವಳ ತಮ್ಮ ಸಿದ್ದಲಿಂಗೇಶನ ಮನೆ ದೋಣಿಮಲೈಯಲ್ಲಿ, ಕಂಪನಿ ಕ್ವಾರ್ಟರ್ಸು. ಅವನಿಗೆ ಗಣಿಯಲ್ಲಿ ಕೆಲಸ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹೆಂಡತಿ ಕಾವ್ಯ ಬಸಿರಾಗಿದ್ದಳು. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಗಂಗಾಂಬಿಕಾ ಕಂಪ್ಲಿಯಿಂದ ಹೊರಟಾಗ ದಾರಿಗೆ ಜೊತೆ ಇರಲಿ ಎಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡಳು.

ಕಾವ್ಯಳನ್ನು ಹಸಿರು ಸೀರೆ ಉಡಿಸಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಕಾಲಿಗೆ ಅರಿಶಿಣ ಹಚ್ಚಲು ಗಂಗಾಂಬಿಕಾ ಕೆಳಗೆ ಕೂತಳು. ಕೂರುವುದೇನೋ ಕೂತಳು, ದಪ್ಪನೆ. ಅರಿಶಿಣ ಹಚ್ಚಿದಳು, ಕುಂಕುಮ ಇಟ್ಟಳು, ಉಡಿ ತುಂಬಿದಳು. ಆಮೇಲೆ ಏಳಲು ಹೋದರೆ ಮೈ ಮೇಲೇಳಲಿಲ್ಲ. ಒಂದು ಕೈ ನೆಲಕ್ಕೆ ಊರಿದಳು, ಸಾಲಲಿಲ್ಲ. ಇನ್ನೊಂದು ಕೈಯಿಂದ ಎದುರಿಗಿದ್ದ ಕುರ್ಚಿಯ ತೋಳು ಹಿಡಿದು ಎಳೆದುಕೊಂಡಳು. ಕುರ್ಚಿ ಒಂದು ಕಡೆಗೆ ಎದ್ದಿತು. ತುಂಬಿದ ಹೊಟ್ಟೆಯ ಹುಡುಗಿ ವಾಲಿದಳು. ಕಾವ್ಯಳ ತಾಯಿ ಕೊಟ್ರಮ್ಮ ಅಲ್ಲೇ ನಿಂತಿದ್ದಕ್ಕೆ ಮಗಳ ರಟ್ಟೆ ಹಿಡಿದಳು, ಕುರ್ಚಿ ಮತ್ತೆ ನೆಲ ಕಂಡಿತು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ನಾಲ್ಕು ಹೆಂಗಸರು ಕೈ ಹಾಕಿ ಅವಳನ್ನು ಎತ್ತಿದರು. ಅವಳ ದೊಡ್ಡಪ್ಪನ ಮಗಳು ತಾಯಕ್ಕ, ಕಡ್ಡಿಯಂಥ ಹೆಂಗಸು, ಬಾಯಿ ಮಾತ್ರ ದೊಡ್ಡದು. ಅವಳೆಂದಳು:

"ಸಿದ್ದು, ನಿಮ್ಮ ಕಂಪನಿಯಾಗ ಅದಿರು ಎತ್ತೋ ಕ್ರೇನ್ ಇರತೈತಲ್ಲ, ಅದನ್ನ ಕಳಿಸಾಕ ಹೇಳಬೇಕಿತ್ತು ನೋಡು."

ಎಲ್ಲರೂ ನಕ್ಕರು. ಗಂಗಾಂಬಿಕಾನೂ ನಕ್ಕಳು. ನಗದೆ ಏನು ಮಾಡಿಯಾಳು.

ಊಟವಾದ ಮೇಲೆ ನಾವಿಬ್ಬರೂ ಅಡುಗೆಮನೆಗೆ ನೀರು ಕುಡಿಯಲು ಹೋದೆವು. ಹಿತ್ತಲ ಬಾಗಿಲ ಆಚೆ ಕೊಟ್ರಮ್ಮ ಅಳಿಯನಿಗೆ ಮೆಲ್ಲಗೆ ಹೇಳುತ್ತಿದ್ದಳು. ತಪ್ಪು ತಿಳಿಯಬೇಡಿ, ನಿಮ್ಮ ಅಕ್ಕ ಅಂದರೆ ನಮಗೂ ಮರ್ಯಾದೆ ಇದೆ, ಆದರೆ ತೊಟ್ಟಿಲ ದಿನ ಕೂಸನ್ನು ಕೆಳಗಿಂದ ತೆಗೆದುಕೊಳ್ಳುವುದು ತಾಯಕ್ಕ ಮಾಡಲಿ, ಅವಳೂ ಅತ್ತೆಯೇ ಆಗಬೇಕಲ್ಲ ಎಂದು. ಗಂಗಾಂಬಿಕಾ ನೀರಿನ ಲೋಟ ಹಾಗೇ ಕೆಳಗಿಟ್ಟಳು.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲನ್ನು ಮಂಡಿಯ ಎತ್ತರಕ್ಕೆ ಕಟ್ಟಿರುತ್ತಾರೆ. ಈ ಕಡೆ ಸೋದರತ್ತೆ, ಆ ಕಡೆ ಇನ್ನೊಬ್ಬಳು ಕೆಳಗೆ ಕೂತು, ಕೂಸನ್ನು ತೊಟ್ಟಿಲ ಕೆಳಗಿಂದ ಕೊಟ್ಟು ಮೇಲಿಂದ ಇಸಿದುಕೊಳ್ಳುತ್ತಾರೆ. ಆಮೇಲೆ ಅತ್ತೆ ಅದನ್ನು ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೇಳಿದ ಕೂಡಲೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಅಲ್ಲ ಅದು.

ಕಾರು ಸಂಡೂರು ದಾಟಿತು, ಹೊಸಪೇಟೆ ದಾಟಿತು. ಕಮಲಾಪುರದ ಕೆರೆ ಏರಿ ಬಂದಾಗ ಗಂಗಾಂಬಿಕಾ ಕಿಟಕಿಯಿಂದ ಮುಖ ತಿರುಗಿಸದೆ ನನಗೆ ಹೇಳಿದಳು:

"ಮುದುಕಮ್ಮತ್ತಿ, ನಾ ಏಳೋದು ಕಲೀಬೇಕು."

ಅವಳ ಮನಸ್ಸಿನ ಕುದಿ ನನಗೆ ಗೊತ್ತು. ಸಿದ್ದು ತಮ್ಮ ಅಂತ ಹೆಸರಿಗೆ, ಸಾಕಿದವಳು ಅವಳೇ. ಸಂಡೂರಿನ ಬಜಾರದಲ್ಲಿ ಅವರಪ್ಪನ ಕಿರಾಣಿ ಅಂಗಡಿ. ತಾಯಿ ತೀರಿಕೊಂಡಾಗ ಗಂಗಾಂಬಿಕಾ ಇನ್ನೂ ಲಂಗದ ಹುಡುಗಿ, ಸಿದ್ದು ತೆವಳುವ ಕೂಸು. ಅವನನ್ನು ಕಂಕುಳಲ್ಲಿಟ್ಟುಕೊಂಡೇ ಶಾಲೆಗೆ ಹೋದಳು. ಮೇಷ್ಟ್ರು ಬೈದರು, ಶಾಲೆ ಬಿಟ್ಟಳು, ಅವನನ್ನು ಬಿಡಲಿಲ್ಲ. ಕಂಪ್ಲಿಗೆ ಸೊಸೆಯಾಗಿ ಬಂದಾಗ ಹೊಸ ಮದುವಣಗಿತ್ತಿಯ ಹಿಂದೆ ಆ ಹುಡುಗನೂ ಚೀಲ ಹಿಡಿದುಕೊಂಡು ಇಳಿದದ್ದನ್ನು ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡಿದ್ದೇನೆ. ಆಗ ಅವಳು ಬಿದಿರಿನ ಕೋಲಿನಂತಿದ್ದಳು.

ಅಕ್ಕಿ ಗಿರಣಿಯ ಮನೆ. ಮಾವ ವಿರೂಪಾಕ್ಷಪ್ಪ ಕಟ್ಟಿಸಿದ ಗಿರಣಿ, ಈಗ ಗಂಡ ಮುರುಗೇಶ್ ನೋಡಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ಹಮಾಲರಿಗೆಲ್ಲ ಇವಳೇ ಅಡುಗೆ. ಎರಡು ಹೆರಿಗೆ, ಆಮೇಲೆ ಗರ್ಭಕೋಶದ ಆಪರೇಷನ್ನು. ಮಲಗಿದಲ್ಲಿ ಮೈ ಬಂತು. ಬಂದದ್ದು ಹೋಗಲಿಲ್ಲ. ಬೀಪಿ ಬಂತು. ಲಿಂಗಪೂಜೆಗೂ ಕುರ್ಚಿ ಬಂತು.

ಅವಳು ಸುಮ್ಮನೆ ಕೂತವಳಲ್ಲ. ಮೂರು ವರ್ಷದ ಹಿಂದೆ ಮೊಬೈಲಿನಲ್ಲಿ ಯಾರೋ ತೆಳ್ಳನೆಯ ಹುಡುಗಿ ಜಿಗಿಯುವುದನ್ನು ನೋಡಿ, ತಾನೂ ಮಾಳಿಗೆಯ ಮೇಲೆ ಜಿಗಿದಳು. ಮೂರನೇ ದಿನಕ್ಕೆ ಬಲ ಮಣಕಾಲು ತೆಂಗಿನಕಾಯಿಯಷ್ಟು ಆಯಿತು. ಎರಡು ತಿಂಗಳು ಕಾಲೆಳೆದುಕೊಂಡು ಓಡಾಡಿದಳು. ಅಲ್ಲಿಂದ ಮುಂದೆ ಅವಳಿಗೆ ಅಂಜಿಕೆ. ಬಸ್ಸಿನ ಮೆಟ್ಟಿಲು ಕಂಡರೆ ಅಂಜಿಕೆ, ಬಚ್ಚಲಲ್ಲಿ ಒದ್ದೆ ಕಂಡರೆ ಅಂಜಿಕೆ. ಮೈ ಭಾರ ಅಂತ ನಡೆಯುವುದಿಲ್ಲ, ನಡೆಯುವುದಿಲ್ಲ ಅಂತ ಮೈ ಭಾರ. ಹೀಗೇ ಸುತ್ತುತ್ತಿತ್ತು.

ಕುಬಸದ ಮರುವಾರ ನಾವಿಬ್ಬರೂ ಹೊಸಪೇಟೆಯ ದವಾಖಾನೆಗೆ ಹೋದೆವು. ಮೊದಲು ಡಾಕ್ಟರು ಬೀಪಿ, ಸಕ್ಕರೆ, ಎದೆಯ ಇಸಿಜಿ ಎಲ್ಲ ನೋಡಿದರು. ವ್ಯಾಯಾಮ ಮಾಡಬಹುದು, ನಿಧಾನಕ್ಕೆ ಮಾಡಿ ಎಂದು ಕೆಳಗಿನ ಕೋಣೆಗೆ ಕಳಿಸಿದರು. ಅಲ್ಲಿ ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ರಮಾ ಮೇಡಂ ಇದ್ದರು. ಇವಳು ಹೋದವಳೇ, ಮೂವತ್ತು ಕಿಲೋ ಇಳಿಸಬೇಕು ಮೇಡಂ ಎಂದಳು. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಬೇರೆ ಏನೋ ಕೇಳಿದರು.

"ಕಿಲೋ ಇರಲಿ ಬಿಡ್ರಿ. ಏನು ಮಾಡಾಕ ಆಗವಲ್ದು ನಿಮಗ, ಅದನ್ನ ಹೇಳ್ರಿ."

ಗಂಗಾಂಬಿಕಾ ಸ್ವಲ್ಪ ಹೊತ್ತು ಸೆರಗು ತಿರುವಿದಳು. "ನೆಲದ ಮ್ಯಾಲ ಕುಂತು ಏಳಾಕ ಆಗವಲ್ದು" ಎಂದಳು. ಕುರ್ಚಿಯ ವಿಷಯ, ತೊಟ್ಟಿಲ ವಿಷಯ ಎಲ್ಲ ಹೇಳಿದಳು.

ಹಾಗಾದರೆ ಅದನ್ನೇ ಕಲಿಯೋಣ ಎಂದರು ಮೇಡಂ. ಜಿಗಿಯುವುದು ಬೇಡ, ಓಡುವುದು ಬೇಡ. ಮೊದಲು ಎತ್ತರದ ಮೇಲೆ ಕೂತು ಎದ್ದು ಕೂತು ಎದ್ದು ಮಾಡಬೇಕು. ಅದು ಹಗುರ ಅನ್ನಿಸಿದ ಮೇಲೆ ಇನ್ನೊಂದಿಷ್ಟು ತಗ್ಗು. ಅದೂ ಹಗುರವಾದರೆ ಇನ್ನಷ್ಟು ತಗ್ಗು. ಹೀಗೆ ಇಳಿಯುತ್ತ ಇಳಿಯುತ್ತ ನೆಲ ಬರುತ್ತದೆ. ಒಂದು ದಿನ ಮಾಡಿದರೆ ಒಂದು ದಿನ ಬಿಡಬೇಕು. ತೊಡೆಯ ಮಾಂಸ ನೋಯುತ್ತದೆ, ಅದು ನೋಯಲಿ. ಕೀಲಿನೊಳಗೆ ಚುಚ್ಚಿದರೆ ನಿಲ್ಲಿಸಬೇಕು. ಎದೆ ಹಿಡಿದರೆ, ತಲೆ ತಿರುಗಿದರೆ ಅಂದಿಗೆ ಬಿಟ್ಟು ಡಾಕ್ಟರ ಹತ್ತಿರ ಬರಬೇಕು. ಸಮ ನೆಲದಲ್ಲಿ ನಡೆಯಬೇಕು, ಜಾರದ ಬೂಟು ಹಾಕಿಕೊಂಡು. ಎಷ್ಟು ಜೋರು ನಡೆಯಬೇಕು ಅಂದರೆ, ಜೊತೆಯವರ ಹತ್ತಿರ ಮಾತಾಡಲು ಬರಬೇಕು. ಮಾತು ಕಡಿದರೆ ಜೋರಾಯಿತು ಅಂತ.

ಮಾತಿಗೇನು ಕಡಿಮೆ ಅಂದೆ ನಾನು.

ಗಿರಣಿಯ ಅಂಗಳ ಭತ್ತ ಒಣಗಿಸುವ ಸಿಮೆಂಟಿನ ಅಂಗಳ, ಅಂಗೈಯಷ್ಟು ಸಮ. ಬಿಸಿಲು ಏರುವ ಮುಂಚೆ ಇಬ್ಬರೂ ಅಲ್ಲಿ ಸುತ್ತು ಹಾಕಲು ಸುರು ಮಾಡಿದೆವು. ಮೊದಲ ದಿನ ತಾಯಕ್ಕನ ಬಗ್ಗೆ ಒಂದು ಮಾತು ಎತ್ತಿದಳು, ಅರ್ಧಕ್ಕೇ ಉಸಿರು ಕಟ್ಟಿತು. ನಿಂತೆವು. ಉಸಿರು ಬಂದ ಮೇಲೆ ಉಳಿದರ್ಧ ಹೇಳಿದಳು. ದಿನ ಕಳೆದಂತೆ ಒಂದು ಸುತ್ತಿಗೆ ತಾಯಕ್ಕ ಪೂರ್ತಿ ಮುಗಿಯುತ್ತಿದ್ದಳು, ಇನ್ನೊಂದು ಸುತ್ತಿಗೆ ಅವಳ ಸೊಸೆಯಂದಿರು.

ಕೂತು ಏಳುವುದಕ್ಕೆ ತೊಡಕು ಬಂತು. ಮನೆಯ ಕುರ್ಚಿ ಎಲ್ಲ ಒಂದೇ ಎತ್ತರ. ಕುರ್ಚಿ ಬಿಟ್ಟರೆ ಮಣೆ, ನಡುವೆ ಏನೂ ಇಲ್ಲ. ಗಂಗಾಂಬಿಕಾಗೆ ಹೊಳೆದದ್ದು ಅಕ್ಕಿ ಚೀಲ. ಗಿರಣಿಯ ಗೋಡೆಗೆ ಅಟ್ಟಿ ಹಾಕಿದ್ದರು. ಒಂದರ ಮೇಲೊಂದು ಇಟ್ಟರೆ ಕುರ್ಚಿಯ ಎತ್ತರ, ಒಂದು ತೆಗೆದರೆ ಅಷ್ಟು ತಗ್ಗು. ಹಮಾಲರಿಗೆ ಹೇಳಿ ಇಡಿಸಿದಳು. ಇನ್ನೇನು ಕೂರಬೇಕು, ಆಫೀಸಿನ ಬಾಗಿಲಲ್ಲಿ ಮಾವ ವಿರೂಪಾಕ್ಷಪ್ಪ ಕೆಮ್ಮಿದರು.

ಅವರು ಎಂಬತ್ತು ದಾಟಿದವರು. ಆ ಗಿರಣಿಯಲ್ಲಿ ಅವರ ಎದುರಿಗೆ ಯಾವ ಹಮಾಲನೂ ತುಂಬಿದ ಚೀಲದ ಮೇಲೆ ಕೂರುವುದಿಲ್ಲ. ನೆಲಕ್ಕೆ ಬಿದ್ದ ಕಾಳು ತುಳಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು.

"ಅನ್ನದ ಮ್ಯಾಲ ಕುಂದರಬಾರದವ್ವಾ" ಎಂದರು, ಅಷ್ಟೇ.

ಅವಳು ಎದುರಾಡಲಿಲ್ಲ. ನನಗೂ ಅದು ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕಿ ಬೇಡ, ಭತ್ತ ಬೇಡ, ನುಚ್ಚೂ ಬೇಡ, ಅದೂ ಅನ್ನವೇ. ತೌಡು ದನದ ಅನ್ನ. ಉಳಿದದ್ದು ಹೊಟ್ಟು. ಒಲೆಗೆ ಹಾಕುವ ಹೊಟ್ಟಿಗೆ ಯಾರು ಏನಂದಾರು ಎಂದು ಹೊಟ್ಟಿನ ಚೀಲಗಳನ್ನು ಒಂದರ ಮೇಲೊಂದು ಇಡಿಸಿದೆವು. ನೋಡಲು ದಪ್ಪಗೆ ಗಟ್ಟಿಯಾಗಿಯೇ ಕಂಡವು. ಇಬ್ಬರೂ ಗಿರಣಿಯವರ ನಡುವೆ ಮುದುಕಿಯರಾಗುತ್ತ ಬಂದವರು, ಹೊಟ್ಟು ಒತ್ತಿದರೆ ಸರಿದುಕೊಳ್ಳುತ್ತದೆ ಅನ್ನುವಷ್ಟು ಬುದ್ಧಿ ಅವತ್ತು ಇಬ್ಬರಿಗೂ ಬರಲಿಲ್ಲ. ಮೊದಲೆರಡು ಸಲ ಕೂತು ಎದ್ದಳು. ಮೂರನೇ ಸಲ ಮೇಲಿನ ಚೀಲದ ಹೊಟ್ಟು ಒಂದು ಮಗ್ಗುಲಿಗೆ ಸರಿಯಿತು, ಚೀಲ ಜಾರಿತು, ಅದರ ಜೊತೆಗೆ ಅವಳೂ ಜಾರಿದಳು.

ಮೊಣಕೈ ತರಚಿತು. ಮಣಕಾಲಿಗೆ ಏನೂ ಆಗಲಿಲ್ಲ. ಆದರೆ ನೆಲದ ಮೇಲೆ ಹೊಟ್ಟಿನ ನಡುವೆ ಕೂತವಳು ಎರಡೂ ಕೈಯಿಂದ ಮಣಕಾಲನ್ನೇ ಹಿಡಿದುಕೊಂಡಿದ್ದಳು. ಕುಬಸದ ದಿನದಂತೆಯೇ ಎತ್ತಬೇಕಾಯಿತು, ಈ ಸಲ ಹಮಾಲರು. ಒಳಗೆ ಹೋಗಿ ಮಲಗಿದಳು. ಮರುದಿನ ಅಂಗಳಕ್ಕೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮುರುಗೇಶ್ ಹೆಂಡತಿಗೆ, ಇದೆಲ್ಲ ಸಾಕು ಮಾಡು, ತಾಯಕ್ಕನೇ ಹೆಸರಿಡಲಿ ಎಂದನಂತೆ. ನಾನು ಹೋದರೆ ಗೋಡೆಗೆ ಮುಖ ಮಾಡಿ, ನನ್ನ ಕೈಯಾಗ ಕೂಸು ಇದ್ದಿದ್ದರ ಏನಾಗತಿತ್ತು ಅತ್ತಿ ಎಂದಳು.

ನಾಲ್ಕನೇ ದಿನವೋ ಐದನೇ ದಿನವೋ, ಮಾವ ತಾವೇ ಕೋಲೂರಿಕೊಂಡು ಗಿರಣಿಯಿಂದ ಮನೆಗೆ ಬಂದರು. ಹಿಂದೆ ಒಬ್ಬ ಹಮಾಲ, ಅವನ ಹೆಗಲ ಮೇಲೆ ಖಾಲಿ ಗೋಣಿ ಚೀಲಗಳ ಹೊರೆ. ಹಳೇ ಸೆಣಬಿನ ಗೋಣಿಗಳು. ಪಡಸಾಲೆಯ ಮೂಲೆಯಲ್ಲಿ ಎರಡೂ ಗೋಡೆಗೆ ಒತ್ತಿ, ಒಂದೊಂದನ್ನೂ ನಾಲ್ಕು ಮಡಿಕೆ ಮಡಚಿ, ಇಟ್ಟಿಗೆ ಇಟ್ಟಂತೆ ಒಟ್ಟಿಸಿದರು. ಕೋಲಿನಿಂದ ಎತ್ತರ ಅಳೆದರು. ಕೋಲಿನಿಂದಲೇ ಕುಟ್ಟಿ ನೋಡಿದರು, ಅಲ್ಲಾಡಲಿಲ್ಲ. ಆಮೇಲೆ ತಾವೇ ಅದರ ಮೇಲೆ ಕೂತು, ಎದ್ದು ತೋರಿಸಿದರು.

"ಇವು ಖಾಲಿ ಅದಾವವ್ವಾ. ಇದರಾಗ ಯಾವ ದೇವರೂ ಇಲ್ಲ. ಕುಂದರು" ಎಂದರು.

ತಾವು ಬೇಡ ಅಂದದ್ದಕ್ಕೆ ಸೊಸೆ ಬಿದ್ದಳು ಅನ್ನುವುದು ಅವರನ್ನು ಕೊರೆದಿತ್ತು. ಬಾಯಿಬಿಟ್ಟು ಹೇಳುವವರಲ್ಲ. ಮನೆಯಲ್ಲಿ ಮಾವನ ಮುಂದೆ ಸೆರಗು ಹೊದ್ದು ನಿಲ್ಲುವ ಸೊಸೆ ಅವತ್ತು ಅವರ ಎದುರಿಗೇ ಗೋಡೆ ಹಿಡಿದು ಕೂತಳು, ಗೋಡೆ ಹಿಡಿದು ಎದ್ದಳು.

ಅವತ್ತಿನಿಂದ ಆ ಮೂಲೆ ಅವಳದಾಯಿತು. ಒಂದು ದಿನ ಬಿಟ್ಟು ಒಂದು ದಿನ, ಬೆಳಗಿನ ಸುತ್ತು ಮುಗಿಸಿ ಬಂದು ಗೋಣಿಗಳ ಮೇಲೆ. ಮುಂದಕ್ಕೆ ಬಾಗಬೇಕು, ಪಾದ ಊರಬೇಕು, ತೊಡೆಯಿಂದ ಏಳಬೇಕು, ದಪ್ಪನೆ ಬೀಳದೆ ಮೆಲ್ಲಗೆ ಕೂರಬೇಕು. ಮೊದಲು ಗೋಡೆ ಹಿಡಿದಳು. ಆಮೇಲೆ ಗೋಡೆಗೆ ಒಂದೇ ಬೆರಳು ಮುಟ್ಟಿಸಿದಳು. ಆಮೇಲೆ ಬೆರಳನ್ನೂ ಬಿಟ್ಟಳು. ಹಗುರ ಅನ್ನಿಸಿದ ದಿನ ಒಂದು ಗೋಣಿ ತೆಗೆದಿಡುವಳು. ಗೋಣಿ ಎರಡು ಬೆರಳಿನ ದಪ್ಪ ಕೂಡ ಇರಲಿಲ್ಲ. ಮೈಗೆ ಗೊತ್ತೇ ಆಗದಷ್ಟು ತಗ್ಗು. ಅದೇ ಅದರ ಒಳ್ಳೆಯ ಗುಣ.

ನಡುನಡುವೆ ರಮಾ ಮೇಡಂ ಹತ್ತಿರ ಹೋಗಿ ಬರುತ್ತಿದ್ದೆವು. ಗೋಣಿಯ ಕತೆ ಕೇಳಿ ಅವರು ಭಾಳ ನಕ್ಕರು, ಚೆನ್ನಾಗಿದೆ, ಇದನ್ನೇ ಮಾಡಿ ಎಂದರು. ನೆಲದಿಂದ ಏಳುವ ಉಪಾಯವನ್ನೂ ಕಲಿಸಿದರು. ನೇರವಾಗಿ ಏಳಲು ಹೋಗಬಾರದು. ಮಗ್ಗುಲಿಗೆ ಹೊರಳಬೇಕು, ಕೂಸು ಅಂಬೆಗಾಲಿಡುವಂತೆ ನಾಲ್ಕೂ ಊರಬೇಕು, ನೋಯದ ಕಾಲಿನ ಪಾದವನ್ನು ಮುಂದಿಡಬೇಕು, ತೊಡೆಗೆ ಕೈ ಕೊಟ್ಟು ಮೇಲೇಳಬೇಕು. ಮೆತ್ತನೆ ಹಾಸಿಗೆಯ ಮೇಲೆ, ನಾನು ಮಂಚ ಹಿಡಿದು ನಿಂತಾಗ, ಅದನ್ನು ಮಾಡಿ ನೋಡುತ್ತಿದ್ದಳು. ಇನ್ನೊಂದು ಮಾತನ್ನು ಮೇಡಂ ಒತ್ತಿ ಹೇಳಿದ್ದರು. ಏಳುವಾಗ ಕೈಯಲ್ಲಿ ಕೂಸು ಇರಬಾರದು. ಮೊದಲು ಕೂಸನ್ನು ಕೊಡಬೇಕು, ಆಮೇಲೆ ಏಳಬೇಕು.

ಗೋಣಿಗಳು ಇಳಿಯುತ್ತಿದ್ದವು. ತೂಕ ಅಷ್ಟೇನೂ ಇಳಿಯಲಿಲ್ಲ, ಸ್ವಲ್ಪ. ಆದರೆ ಅವಳು ಬಚ್ಚಲಿಗೆ ಹೋಗುವಾಗ ಗೋಡೆ ತಡಕುವುದು ಬಿಟ್ಟಿದ್ದಳು. ಒಟ್ಟಿಲು ಒಂದೂವರೆ ಗೇಣಿಗೆ ಬಂದಿತ್ತು. ಹೆರಿಗೆಯ ದಿನಕ್ಕೆ ಇನ್ನೂ ಟೈಮ್ ಇದೆ, ಅಷ್ಟರಲ್ಲಿ ನೆಲ ಮುಟ್ಟುತ್ತೇನೆ ಅನ್ನುತ್ತಿದ್ದಳು.

ಕೂಸಿಗೆ ಇವಳ ಲೆಕ್ಕ ಗೊತ್ತಿರಲಿಲ್ಲ. ಹೇಳಿದ ದಿನಕ್ಕಿಂತ ಮುಂಚೆಯೇ ಹುಟ್ಟಿತು. ಹೆಣ್ಣು, ಸಣ್ಣದು, ಆದರೆ ಗಟ್ಟಿ. ಹದಿಮೂರನೇ ದಿನಕ್ಕೆ ಕಾವ್ಯಳ ತವರು ಗಾದಿಗನೂರಿನಲ್ಲಿ ತೊಟ್ಟಿಲು ಎಂದು ಫೋನ್ ಬಂತು. ಫೋನ್ ಮಾಡಿದವಳು ತಾಯಕ್ಕ. ನೀ ಆರಾಮ ಬಾ, ಊಟ ಮಾಡಿ ಹೋಗು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಳಂತೆ.

ಫೋನ್ ಇಟ್ಟವಳೇ ಗಂಗಾಂಬಿಕಾ ಒಟ್ಟಿಲಿನಿಂದ ಒಂದೇ ಸಲಕ್ಕೆ ಕೈಗೆ ಬಂದಷ್ಟು ಗೋಣಿ ಎಳೆದು ಬಿಸಾಕಿದಳು. ಬೇಡ ಗಂಗಾ ಎಂದೆ. ಕೇಳಲಿಲ್ಲ. ಅವತ್ತೂ ಮಾಡಿದಳು, ಬಿಡಬೇಕಾದ ಮರುದಿನವೂ ಮಾಡಿದಳು, ಸಂಜೆಗೂ ಮಾಡಿದಳು. ಮೂರನೇ ಬೆಳಗಿಗೆ ಬಲ ಮಣಕಾಲು ಊದಿತ್ತು.

ನಾನು ಬೈಯಲು ಹೋದವಳು ಬೈಯಲಿಲ್ಲ. ಅವಳೇ ಮಂಚದ ಮೇಲೆ ಕಾಲು ಚಾಚಿ, ಬಟ್ಟೆಯಲ್ಲಿ ಐಸು ಸುತ್ತಿ ಇಟ್ಟುಕೊಂಡು, ಮೂಲೆಯನ್ನೇ ನೋಡುತ್ತಿದ್ದಳು. ಹೊಸಪೇಟೆಗೆ ಹೋಗಿ ತೋರಿಸಿದೆವು. ಒಳಗೆ ಏನೂ ಹರಿದಿಲ್ಲ, ಅವಸರ ಮಾಡಿದ್ದಕ್ಕೆ ಊದಿದೆ, ನಾಲ್ಕು ದಿನ ಬಿಡಿ ಎಂದರು. ಬಿಟ್ಟಳು. ಊತ ಇಳಿದ ಮೇಲೆ, ಬಿಸಾಕಿದ ಗೋಣಿಗಳನ್ನು ತಾನೇ ಒಂದೊಂದಾಗಿ ಎತ್ತಿ, ಮಡಚಿ, ಮೊದಲಿದ್ದ ಎತ್ತರಕ್ಕೆ ಒಟ್ಟಿದಳು. ನೋವಿಲ್ಲದೆ ಕೂತು ಎದ್ದಳು. ಆಮೇಲೆ ಒಂದೇ ಒಂದು ತೆಗೆದಳು. ಅಲ್ಲಿಗೆ ನಿಂತಳು.

ತೊಟ್ಟಿಲ ಹಿಂದಿನ ಸಂಜೆ ಸಿದ್ದು ಫೋನ್ ಮಾಡಿದ. ಫೋನಿನ ದನಿ ಜೋರು, ನನಗೂ ಕೇಳುತ್ತಿತ್ತು.

"ಅಕ್ಕಾ, ಒಂದು ಮಾತು, ಬೇಜಾರ ಮಾಡ್ಕೋಬ್ಯಾಡ. ಕೂಸಿನ್ನ ಕೆಳಗ ತಗೊಳ್ಳೋದು ತಾಯಕ್ಕ ಮಾಡ್ಲಿ. ನೀ ಕುರ್ಚಿ ಮ್ಯಾಲ ಕುಂತು ಹೆಸರು ಹೇಳು. ಅತ್ತಿಯವರು ಭಾಳ ಅಂಜ್ಯಾರ."

ಗಂಗಾಂಬಿಕಾ ಮೆಲ್ಲಗೆ ಕೇಳಿದಳು:

"ಸಿದ್ದು, ನಿನ್ನ ಯಾವತ್ತಾರ ಬೀಳಿಸಿದ್ನೇನೋ ನಾನು?"

ಇಲ್ಲಕ್ಕಾ ಎಂದ ಸಿದ್ದು.

"ಹಂಗಾರ ನಾಳೆ ಜಲ್ದಿ ಬರತೀನಿ. ನನ್ನ ಕುಂದರೋದು ನಾನೇ ತರತೀನಿ."

ಬೆಳಗ್ಗೆ ಕಾರಿನ ಹಿಂದೆ ಕೊಬ್ಬರಿ ಗಿಟಕ, ಕೂಸಿನ ಕುಲಾವಿ, ಹೊಸ ಸೀರೆ, ಅದರ ಪಕ್ಕದಲ್ಲಿ ಹಗ್ಗ ಕಟ್ಟಿದ ಗೋಣಿಗಳ ಹೊರೆ. ಮುರುಗೇಶ್ ಅದನ್ನು ನೋಡಿ, ಬೀಗರ ಮನೆಗೆ ಗೋಣಿ ಒಯ್ಯುತ್ತಾರೇನೇ ಎಂದ. ವಿರೂಪಾಕ್ಷಪ್ಪ ಕಟ್ಟೆಯ ಮೇಲಿಂದ ಮಗನಿಗೆ, ನೀ ಗಾಡಿ ಹೊಡಿ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಗಾದಿಗನೂರಿನ ಮನೆಯ ತುಂಬ ಮಂದಿ. ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು, ಹೂವು ಸುತ್ತಿದ್ದರು. ತಾಯಕ್ಕ ಆಗಲೇ ಸೆರಗು ಸಿಕ್ಕಿಸಿ ತೊಟ್ಟಿಲ ಹತ್ತಿರ ತಯಾರಾಗಿದ್ದಳು. ಗಂಗಾಂಬಿಕಾ ಯಾರ ಹತ್ತಿರವೂ ಕೇಳಲಿಲ್ಲ. ನೇರ ಹೋಗಿ, ತೊಟ್ಟಿಲ ಪಕ್ಕದ ಕಂಬಕ್ಕೆ ಒತ್ತಿ ಗೋಣಿಗಳನ್ನು ಒಟ್ಟಿದಳು. ಕೈಯಿಂದ ಅದುಮಿ ನೋಡಿದಳು, ಮಾವ ಕೋಲಿನಿಂದ ನೋಡಿದ ಹಾಗೆ. ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ ಇದ್ದಿರಬೇಕು.

"ಏನಬೇ ಇದು, ಸಂತಿಗೆ ಬಂದಾಳೋ ತೊಟ್ಟಿಲಕ್ಕ ಬಂದಾಳೋ" ಎಂದಳು ತಾಯಕ್ಕ.

"ಕ್ರೇನ್ ಸಿಗಲಿಲ್ಲ ತಾಯಕ್ಕ. ಇವನ್ನ ತಂದೆ" ಎಂದಳು ಗಂಗಾಂಬಿಕಾ.

ಈ ಸಲ ಮಂದಿ ನಕ್ಕದ್ದು ತಾಯಕ್ಕನ ಕಡೆ ನೋಡಿ. ಕೊಟ್ರಮ್ಮ ಮಾತ್ರ ನಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಗಂಗಾಂಬಿಕಾ ಅವಳ ಮುಖ ನೋಡಿ, ಕೂಸನ್ನು ಕೇಳಲಿಲ್ಲ. "ಮೊದಲು ನಾ ಕುಂತು ಏಳೋದನ್ನ ನೋಡ್ರಿ ಬೀಗತಿ" ಎಂದಳು. ಬರಿಗೈಯಲ್ಲಿ ಮೆಲ್ಲಗೆ ಕೂತಳು, ದಪ್ಪನೆ ಅಲ್ಲ. ತೊಟ್ಟಿಲ ಕೆಳಗೆ ಎರಡೂ ಕೈ ಚಾಚಿ ತೋರಿಸಿದಳು, ಆ ಕಡೆಯವರೆಗೂ ಮುಟ್ಟಿದವು. ಆಮೇಲೆ ಪಾದ ಊರಿ, ಮುಂದಕ್ಕೆ ಬಾಗಿ, ಕಂಬವನ್ನೂ ಹಿಡಿಯದೆ ಎದ್ದಳು. ಮತ್ತೆ ಕೂತಳು.

ರೂಢಿಯಂತೆ ಮೊದಲು ರುಬ್ಬುವ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಂದರು. ತಾಯಕ್ಕ ಆ ಕಡೆ ಕೂತು ಕಲ್ಲನ್ನು ಕೆಳಗಿಂದ ಕೊಟ್ಟಳು. ಕೂಸಿಗಿಂತ ಭಾರದ ಕಲ್ಲು. ಗಂಗಾಂಬಿಕಾ ಇಸಿದುಕೊಂಡಳು, ಮೇಲಿಂದ ಕೊಟ್ಟಳು, ಅಲುಗಲಿಲ್ಲ. ಅದನ್ನು ನೋಡಿದ ಮೇಲೆ ಕೊಟ್ರಮ್ಮ ಬಾಗಿಲಿಂದ ಬಂದಳು. ತಾಯಕ್ಕನ ಹೆಗಲು ಮುಟ್ಟಿ, ನೀವು ಏಳ್ರಿ, ಈ ಕಡೆ ನಾ ಕುಂದರತೀನಿ ಎಂದಳು. ತನ್ನ ಮೊಮ್ಮಗಳನ್ನು ತಾನೇ ತೊಟ್ಟಿಲ ಕೆಳಗಿಂದ ಗಂಗಾಂಬಿಕಾನ ಕೈಗೆ ಕೊಟ್ಟಳು.

ಕೂಸು ಅವಳ ಎರಡು ಅಂಗೈ ತುಂಬದಷ್ಟು ಸಣ್ಣದು. ಮೇಲಿಂದ ಕೊಟ್ಟಳು, ಕೆಳಗಿಂದ ಇಸಿದುಕೊಂಡಳು, ಮತ್ತೆ ಮೇಲಿಂದ. ಆಮೇಲೆ ತೊಟ್ಟಿಲಲ್ಲಿ ಮಲಗಿಸಿ, ಬಾಗಿ, ಕಿವಿಯಲ್ಲಿ ಹೆಸರು ಹೇಳಿದಳು. ಅವಳ ಬೆನ್ನಿಗೆ ಗುದ್ದು ಬಿದ್ದವು ನೋಡಿ, ಎಲ್ಲಕ್ಕಿಂತ ಜೋರಾದದ್ದು ತಾಯಕ್ಕನದು. ಸಿದ್ದು ಬಾಗಿಲ ಹತ್ತಿರ ನಿಂತು ಮುಖ ಒರೆಸಿಕೊಳ್ಳುತ್ತಿದ್ದ.

ಕೂಸು ತೊಟ್ಟಿಲಲ್ಲಿತ್ತು, ಅವಳ ಕೈ ಖಾಲಿ ಇತ್ತು. ಇಬ್ಬರು ಹೆಂಗಸರು ಎತ್ತಲು ಕೈ ಚಾಚಿದರು. ಬ್ಯಾಡ್ರಿ ಎಂದಳು. ತಾನೇ ಎದ್ದಳು.

ಊಟ ಮುಗಿದು ನಾವು ಹೊರಡುವ ಹೊತ್ತಿಗೆ ಕೊಟ್ರಮ್ಮ ಪಡಸಾಲೆಯಲ್ಲಿ ಕೂತು ಗೋಣಿಗಳನ್ನು ಒಂದೊಂದಾಗಿ ಕೊಡವಿ, ಸೀರೆ ಮಡಚಿದಂತೆ ಮಡಚುತ್ತಿದ್ದಳು. ಮಡಚಿದ್ದನ್ನು ಕಂಬದ ಹತ್ತಿರವೇ ಒಟ್ಟುತ್ತಿದ್ದಳು.

"ಇವು ಇಲ್ಲೇ ಇರಲಿ ಬೀಗತಿ. ಕೂಸಿನ್ನ ನೋಡಾಕ ಮತ್ತ ಬರತೀರಲ್ಲ, ಕುಂದರಾಕ ಬೇಕು" ಎಂದಳು.

ಗಂಗಾಂಬಿಕಾ ಬಗ್ಗಿ, ಎರಡು ಗೋಣಿ ಬಿಟ್ಟು ಉಳಿದದ್ದನ್ನೆಲ್ಲ ಕಂಕುಳಿಗೆ ಸೇರಿಸಿದಳು.

"ಎರಡು ಇಟ್ಟುಕೊಳ್ರಿ, ನಾ ಮತ್ತ ಬರೋದ್ರಾಗ ಅಷ್ಟೇ ಸಾಕಾಗತಾವು. ಇವು ನಾಳೆ ಮುಂಜಾನೆ ನನಗ ಬೇಕು."